ಘಾಟು ತಾಗದ ಮನೆ

ಜಾಗ ನೋಡಲು ಹೋದ ದಿನ ಅವ್ವ ಮೂರು ಒದ್ದೆ ಪಂಚೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿದ್ದಳು. ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಅವಳ ಅಪ್ಪನ ಹೊಲವಿತ್ತು. ಮಗಳು ಅಳಿಯ ಮನೆ ಕಟ್ಟಿಕೊಳ್ಳಲಿ ಎಂದು ಅಜ್ಜ ಅದರಲ್ಲಿ ಒಂದು ಮೂಲೆ ಬಿಟ್ಟುಕೊಡಲು ಒಪ್ಪಿದ್ದ. ಯಾವ ಮೂಲೆ ಎನ್ನುವುದನ್ನು ಮಗಳಿಗೇ ಬಿಟ್ಟಿದ್ದ. ಅವ್ವ ಒಂದೊಂದು ಪಂಚೆಯನ್ನು ಒಂದೊಂದು ಮೂಲೆಯ ಜಾಲಿ ಗಿಡಕ್ಕೆ ಕಟ್ಟಿ, ಬದುವಿನ ಮೇಲೆ ಕುಳಿತಳು. ನನಗಾಗ ನಾಲ್ಕು ವರ್ಷ. ಅಣ್ಣ ನನಗಿಂತ ಐದು ವರ್ಷಕ್ಕೆ ದೊಡ್ಡವನು. ನಾವಿಬ್ಬರೂ ಮಧ್ಯಾಹ್ನದವರೆಗೆ ಹೊಲದಲ್ಲಿ ಓಡಾಡಿ ದಣಿದು ಅವಳ ತೊಡೆಯ ಮೇಲೆ ಬಂದು ಬಿದ್ದೆವು. ಅಜ್ಜನಿಗೆ ಬೇಸರ ಬಂದಿತ್ತು.

"ಏನವಾ, ಜಾಗಾ ನೋಡಾಕ ಬಂದೀಯೋ, ಅರಬಿ ಒಣಾಕಾಕ ಬಂದೀಯೋ?"

"ಎರಡೂ ಒಂದ ಐತಿ ಯಪ್ಪಾ. ಘಾಟು ಹಿಡೀದ ಜಾಗಾ ಬೇಕು ನನಗ."

ಸಂಜೆ ಮೂರೂ ಪಂಚೆಗಳನ್ನು ಬಿಚ್ಚಿ ಮೂಗಿಗೆ ಹಿಡಿದು ನೋಡಿದಳು. ಎರಡಕ್ಕೆ ಮೆಣಸಿನಕಾಯಿಯ ವಾಸನೆ ಹತ್ತಿತ್ತು. ಮೂರನೆಯದಕ್ಕೆ ಹತ್ತಿರಲಿಲ್ಲ. ಅದು ರಸ್ತೆಯಿಂದ ಬಹಳ ಒಳಗಿದ್ದ, ನೀರಿಗೂ ಕರೆಂಟಿಗೂ ದೂರವಾದ ಮೂಲೆ. ಅಲ್ಲಿಯೇ ಮನೆಯಾಯಿತು. ಜಾಗದ ಕಾಗದಪತ್ರ ಅಪ್ಪನ ಹೆಸರಿಗೆ ಆದವು. ಮಗಳ ಹೆಸರಿಗೆ ಬರೆದರೆ ಅಳಿಯನಿಗೆ ಅವಮಾನವೆಂದು ಅಜ್ಜ ತಿಳಿದಿದ್ದ, ಅವ್ವನೂ ಹಾಗೆಯೇ ತಿಳಿದಿದ್ದಳು.

ಅದಕ್ಕೆ ಮೊದಲು ನಾವು ಇದ್ದದ್ದು ಅಪ್ಪನ ಕಾರ್ಖಾನೆಯ ಆವರಣದೊಳಗಿನ ಎರಡು ಖೋಲಿಗಳಲ್ಲಿ. ಕಾರ್ಖಾನೆ ಎಂದರೆ ಒಣಮೆಣಸಿನಕಾಯಿಯನ್ನು ಬೀಸಿ ಅದರಿಂದ ಬಣ್ಣ ತೆಗೆಯುವ ಕಾರ್ಖಾನೆ. ದಪ್ಪನೆಯ, ಕಪ್ಪುಗೆಂಪು ಎಣ್ಣೆಯಂತಹ ಆ ಬಣ್ಣ ಡ್ರಮ್ಮುಗಳಲ್ಲಿ ತುಂಬಿ ಹೊರದೇಶಗಳಿಗೆ ಹೋಗುತ್ತಿತ್ತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ನಿಜ. ಆದರೆ ದಿನಕ್ಕೆ ನೂರಾರು ಚೀಲ ಬೀಸುವ ಮಷೀನಿನ ಪಕ್ಕದಲ್ಲಿ ಮಲಗಿದವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ಹಾಸಿಗೆ, ಹಾಲು, ಹೇನು ಬಾಚುವ ಹಣಿಗೆ, ಎಲ್ಲದಕ್ಕೂ ಘಾಟು ಹತ್ತಿರುತ್ತಿತ್ತು. ಮೊದಲ ವರ್ಷಗಳಲ್ಲಿ ಆಳು ಕಡಿಮೆಯಾದಾಗ ಅವ್ವನೂ ಹೆಂಗಸರ ಜೊತೆ ಕುಳಿತು ಕಾಯಿಯ ತೊಟ್ಟು ಮುರಿಯುತ್ತಿದ್ದಳು. ಆ ಕೈಯಲ್ಲಿ ಮುಟ್ಟಿದರೆ ಕೂಸು ಉರಿಗೆ ಚೀರುತ್ತದೆ. ಹಾಗಾಗಿ ನಮ್ಮನ್ನು ಅವಳು ಅಂಗೈಯಿಂದ ಮುಟ್ಟದೆ ಎರಡೂ ಮೊಣಕೈಗಳ ನಡುವೆ ಅಮುಕಿಕೊಂಡು ಎತ್ತುತ್ತಿದ್ದಳಂತೆ. ನಾನು ಹುಟ್ಟಿದ ಮೇಲೆ ಅವಳಿಗೆ ದಮ್ಮು ಶುರುವಾಯಿತು. ಕೆಮ್ಮಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕು. ಘಾಟಿನಿಂದ ದೂರ ಇರಿಸಿ ಎಂದು ರಾಣೇಬೆನ್ನೂರಿನ ಡಾಕ್ಟರು ಅಪ್ಪನಿಗೆ ಎರಡು ಸಲ ಹೇಳಿದ್ದರು.

ಅಪ್ಪ ಗುಂಟೂರಿನ ಕಡೆಯ ಹಳ್ಳಿಯವರು. ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗುಮಾಸ್ತರಾಗಿ ಬ್ಯಾಡಗಿಗೆ ಬಂದು, ಮಾರುಕಟ್ಟೆಯ ಚೀಲಗಳ ಮೇಲೆ ಮಲಗಿ, ಹಮಾಲರಿಂದ ಕನ್ನಡ ಕಲಿತವರು. ನಾವು ಅವರನ್ನು ಎದುರಿಗೆ ಅವರ ತೆಲುಗಿನಲ್ಲೇ 'ನಾನ್ನಾ' ಎಂದು ಕರೆಯುತ್ತಿದ್ದೆವು. ಅವರು ನನ್ನನ್ನು 'ಅಮ್ಮಡೂ' ಎನ್ನುತ್ತಿದ್ದರು. ಅವರ ಮನೆಮಾತಿನಿಂದ ನಮಗೆ ಬಂದದ್ದು ಈ ಎರಡೇ ಶಬ್ದ. ಬಂದ ಮೊದಲ ವರ್ಷ ಅವರಿಗೆ ಜ್ವರ ಹಿಡಿದು ಕೆಲಸ ಹೋದಾಗ, ಖಾನಾವಳಿಯ ಹೆಂಗಸೊಬ್ಬಳು ಮೂರು ತಿಂಗಳು ಸುಮ್ಮನೆ ಊಟ ಹಾಕಿದ್ದಳು. ಮುಂದೆ ಸ್ವಂತ ವ್ಯಾಪಾರ ಹಿಡಿದು, ಕಾರ್ಖಾನೆ ಹಾಕಿ ದುಡ್ಡು ಕಂಡ ಮೇಲೆ ಅವರು ಎಲ್ಲ ಸಭೆಗಳಲ್ಲೂ ಒಂದೇ ಮಾತು ಹೇಳುತ್ತಿದ್ದರು: "ಈ ಊರು ನನಗ ಅನ್ನ ಹಾಕೇತಿ." ಅದು ಬರಿಯ ಭಾಷಣವಾಗಿರಲಿಲ್ಲ. ಶಾಲೆಗಳಿಗೆ ಕೋಣೆ ಕಟ್ಟಿಸಿದರು, ಬೋರು ಹಾಕಿಸಿದರು, ಮುದುಕರಿಗೆ ಕಣ್ಣಿನ ಆಪರೇಷನ್ ಮಾಡಿಸಿದರು, ಬಡವರ ಮದುವೆಗಳನ್ನು ತಾವೇ ನಿಂತು ಮಾಡಿದರು. ಇದರಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ ಒಂದೊಂದನ್ನೂ ಹೋಗಿ ನೋಡಿ ಬಂದಿದ್ದೇನೆ. ಕೋಣೆಗಳು ಸೋರುವುದಿಲ್ಲ. ಬೋರುಗಳಲ್ಲಿ ನೀರಿದೆ.

ಹೊಸ ಮನೆಯಲ್ಲಿ ಆರು ಖೋಲಿ, ಮುಂದೆ ಉದ್ದನೆಯ ಪಡಸಾಲೆ. ಅಡುಗೆಮನೆಯ ಕಿಟಕಿ ಪೂರ್ವಕ್ಕೆ. ಅವ್ವ ಮೊದಲ ಸಲ ಬಟ್ಟೆಯನ್ನು ಬಯಲಿನಲ್ಲಿ ಒಣಗಿಸಿದಳು, ಹಪ್ಪಳ ಹಾಕಿದಳು, ಹಾಲನ್ನು ಮುಚ್ಚದೆ ಇಟ್ಟಳು. ದಮ್ಮು ಪೂರ್ತಿ ಹೋಗಲಿಲ್ಲ, ಆದರೆ ರಾತ್ರಿ ಕೂತೇ ನಿದ್ದೆ ಮಾಡುವುದು ತಪ್ಪಿತು. ಪಡಸಾಲೆ ಮಾತ್ರ ಅವಳದಾಗಲಿಲ್ಲ. ಬೆಳಗ್ಗೆ ಏಳು ಗಂಟೆಗೆ ಅರ್ಜಿ ಹಿಡಿದವರು ಬಂದು ಕೂರುತ್ತಿದ್ದರು. ಹಾವೇರಿ ಜಿಲ್ಲೆಯಾಗಿ ಹೆಚ್ಚು ಕಾಲವಾಗಿರಲಿಲ್ಲ; ಕಚೇರಿಗಳಿಗೆ ಅಲೆದು ಬೇಸತ್ತವರು ನಮ್ಮಲ್ಲಿಗೆ ಬರುತ್ತಿದ್ದರು. ಅವರಿಗೆ ಚಹಾ, ಉಪ್ಪಿಟ್ಟು ಆದ ಮೇಲೆ ನಮಗೆ. ಶಾಲೆಗೆ ಹೊತ್ತಾದರೆ ಉಪ್ಪಿಟ್ಟು ಡಬ್ಬಿಗೆ, ಹೊಟ್ಟೆಗೆ ಬರಿಯ ಚಹಾ. ಬಂದವರಿಗೆ ಏನು ಬೇಕೋ ಅದು ಮನೆಯಲ್ಲೇ ಇದ್ದರೆ ಅಪ್ಪ ಅಲ್ಲಿಯೇ ಎತ್ತಿ ಕೊಟ್ಟುಬಿಡುತ್ತಿದ್ದರು. ಅಣ್ಣನ ಸೈಕಲ್ ಹಾಗೆ ಹೋಯಿತು. ಒಂದು ಶನಿವಾರ ನಾವು ಹನುಮಪ್ಪನ ಗುಡಿಗೆ ಹೋಗಿ ಬರುವಷ್ಟರಲ್ಲಿ ಅವ್ವನ ಹೊಲಿಗೆ ಮಷೀನು ಇರಲಿಲ್ಲ. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಇತ್ತು.

"ಮಷೀನು ಎಲ್ಲೈತಿ?"

"ಗಂಡ ಸತ್ತಾಕಿ ಒಬ್ಬಾಕಿ ಬಂದಿದ್ಲು. ಹೊಟ್ಟಿ ಪಾಡಿಗೆ ಬೇಕಂದ್ಲು. ನಿಮಗ ಇನ್ನೊಂದು ತಂದ್ರಾತು."

"ಅರ್ಧಾ ಹೊಲಿದ ಜಂಪರ್ ಇತ್ತು ಅದರಾಗ."

"ಅದನ್ನೂ ಕೊಟ್ಟೇನಿ," ಎಂದರು ಅಪ್ಪ. ಅಣ್ಣ ನಕ್ಕ. ಅವ್ವನೂ ನಕ್ಕಳು. ಆಗ ನಗುವುದು ಇನ್ನೂ ಸಾಧ್ಯವಿತ್ತು.

ಇಲ್ಲಿ ಮಾರುಕಟ್ಟೆಯ ಒಂದು ಪದ್ಧತಿಯನ್ನು ಹೇಳಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಕೂಗಿ ಹರಾಜು ಮಾಡುವುದಿಲ್ಲ. ದಲಾಲರ ಅಂಗಡಿಯ ಮುಂದೆ ರೈತರ ಚೀಲಗಳ ಬಾಯಿ ಬಿಚ್ಚಿ ಇಟ್ಟಿರುತ್ತಾರೆ. ಖರೀದಿದಾರರು ಕಾಯಿ ಮುರಿದು, ಮೂಸಿ, ಬಣ್ಣ ನೋಡಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಇದು ಟೆಂಡರ್. ಕಂಪ್ಯೂಟರು ಬರುವ ಮೊದಲು ಎಲ್ಲವೂ ಹೀಗೇ ಕಾಗದದಲ್ಲಿ ನಡೆಯುತ್ತಿತ್ತು. ಜಗಳವಿಲ್ಲದ, ಮುಖದಾಕ್ಷಿಣ್ಯವಿಲ್ಲದ ಈ ಪದ್ಧತಿಯ ಮೇಲೆ ಅಪ್ಪನಿಗೆ ಎಷ್ಟು ಭಕ್ತಿಯೆಂದರೆ, ಅದನ್ನು ಮನೆಗೂ ತಂದಿದ್ದರು. ಒಂದು ಬಿಸ್ಕೀಟಿನ ಡಬ್ಬಿ, ನಾಲ್ಕು ಚೀಟಿ. ಪುಂಡಿ ಸೊಪ್ಪನ್ನು ಅವ್ವನ ಹಾಗೆ ನುಚ್ಚು ಹಾಕಿ ಪಲ್ಯ ಮಾಡಬೇಕೋ, ಅಪ್ಪನ ಊರಿನ ಹಾಗೆ ಎಣ್ಣೆಯಲ್ಲಿ ಹುರಿದು ಚಟ್ನಿ ಅರೆಯಬೇಕೋ? ಚೀಟಿ. ದಸರೆಗೆ ಗುಂಟೂರಿಗೋ, ಅಜ್ಜನ ಮನೆಗೋ? ಚೀಟಿ. ನಮಗೆ ಅದು ಆಟ. ದೊಡ್ಡವರಷ್ಟೇ ನಮ್ಮ ಚೀಟಿಗೂ ಬೆಲೆ ಎನ್ನುವುದು ಹೆಮ್ಮೆಯ ವಿಷಯವಾಗಿತ್ತು. ನಾಲ್ಕೇ ಜನರ ಮನೆಯಲ್ಲಿ ಯಾರ ಕೈಬರಹವೆಂದು ಎಲ್ಲರಿಗೂ ಗೊತ್ತಾಗುತ್ತದೆ ಎಂಬುದನ್ನು ನಾವು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನನಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಹೆಣ್ಣುಮಕ್ಕಳ ವಸತಿನಿಲಯದ ಮಾತು ತೆಗೆದರು. ನನ್ನ ತರಗತಿಯಲ್ಲಿ ಕಾಗಿನೆಲೆಯಿಂದ ಬರುವ ಹುಡುಗಿಯೊಬ್ಬಳಿದ್ದಳು, ಹೆಸರು ಗಂಗವ್ವ. ಒಂದು ದಿನ ಕಾರಿನಲ್ಲಿ ನನ್ನನ್ನು ಶಾಲೆಗೆ ಬಿಡುವಾಗ ಅಪ್ಪ ಅವಳ ಬಗ್ಗೆ ಕೇಳಿದರು.

"ಅಮ್ಮಡೂ, ಆ ಕಾಗಿನೆಲಿ ಹುಡುಗಿ ಎಷ್ಟಕ್ಕ ಏಳತೈತಿ?"

"ಐದಕ್ಕ ಏಳತಾಳ್ರಿ ನಾನ್ನಾ. ಏಳರ ಬಸ್ಸಿಗೆ ಬರತಾಳ."

"ಬಸ್ ತಪ್ಪಿದ್ರ?"

"ಆವತ್ತ ಸಾಲಿಗೆ ಬರಂಗಿಲ್ಲ."

"ನಮ್ಮ ಮನ್ಯಾಗ ಆರು ಖೋಲಿ ಅದಾವ. ನಾವು ನಾಕು ಮಂದಿ," ಎಂದು ಹೇಳಿ ನನ್ನ ಕಡೆ ತಿರುಗಿ ನೋಡಿದರು. ಅವರು ನನ್ನನ್ನು ಹಾಗೆ ನೋಡಿದ್ದು ಅಪರೂಪ. ಪಡಸಾಲೆಯಲ್ಲಿ ಕೂತ ಅಪರಿಚಿತರಿಗೆ ದಿನವೂ ಸಿಗುತ್ತಿದ್ದ ನೋಟ ಅದು. ನಾನು ಅರ್ಜಿ ಹಿಡಿದು ಹೋಗುವಂತಿರಲಿಲ್ಲ. ಅವರ ಜೊತೆ ಸೇರಿ ಕೊಡುವವಳಾದರೆ ಮಾತ್ರ ಅವರ ಕಣ್ಣಿಗೆ ಬೀಳುತ್ತೇನೆ ಎಂದು ಆ ದಿನ ಅರ್ಥ ಮಾಡಿಕೊಂಡೆ. ಮನೆ ಕೊಟ್ಟರೆ ನಾವು ಮತ್ತೆ ಕಾರ್ಖಾನೆಯ ಖೋಲಿಗಳಿಗೆ ಹೋಗಬೇಕು ಎಂಬುದೂ, ಅಲ್ಲಿ ಅವ್ವನಿಗೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಹನ್ನೆರಡು ವರ್ಷದವಳಿಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಭಾನುವಾರ ಊಟವಾದ ಮೇಲೆ ಅಪ್ಪ ಡಬ್ಬಿ ತಂದಿಟ್ಟರು. ವಿಷಯ ಹೇಳಿದರು. ಮನೆಯನ್ನು ವಸತಿನಿಲಯಕ್ಕೆ ಕೊಡುವುದು. ನಾವು ಎರಡು ವರ್ಷ ಕಾರ್ಖಾನೆಯಲ್ಲಿದ್ದು ಆಮೇಲೆ ಬೇರೆ ಕಟ್ಟಿಕೊಳ್ಳುವುದು. ಅವ್ವ ಏನೂ ಕೇಳದೆ ಚೀಟಿ ಬರೆದಳು. ಅಪ್ಪ ಒಂದೊಂದೇ ಬಿಚ್ಚಿ ಓದಿದರು. ಕೊಡೋಣ. ಕೊಡೋಣ. ಬ್ಯಾಡ. ಕೊಡೋಣ.

"ಮೂರಕ್ಕ ಒಂದು. ಟೆಂಡರ್ ಆತು," ಎಂದರು.

"ಆಗಿಲ್ಲ," ಎಂದಳು ಅವ್ವ.

"ಯಾಕ?"

"ಚೀಟಿ ತಗದಮ್ಯಾಲೆ ರೈತ ಒಪ್ಪಬೇಕು. ಒಲ್ಲೆ ಅಂದ್ರ ಚೀಲದ ಬಾಯಿ ಹೊಲಿದು ಇಡತಾರ, ಯಾರೂ ಒತ್ತಾಯ ಮಾಡಂಗಿಲ್ಲ. ನಮ್ಮಪ್ಪ ಎರಡ ಸಲ ಒಲ್ಲೆ ಅಂದು ಚಕ್ಕಡ್ಯಾಗ ಮಾಲು ವಾಪಸ್ ತಂದಿದ್ದ. ಅದರಾಗ ಒಂದು ಚೀಟಿ ನಿಮ್ಮದ ಇತ್ತು."

"ಅದು ಬಜಾರ."

"ಬಜಾರ ಮನಿಗೆ ತಂದವ್ರು ನೀವು. ಜಾಗಾ ನಮ್ಮಪ್ಪಂದು, ಆರಿಸಿದಾಕಿ ನಾನು. ಈ ಮಾಲು ನಂದು. ನಾ ಒಲ್ಲೆ."

ಅಪ್ಪ ನಕ್ಕರು. "ನೀವು ವಕೀಲರಾಗಬೇಕಿತ್ತು," ಎಂದರು.

"ನಗಬ್ಯಾಡ್ರಿ. ಅಲ್ಲಿ ನನಗ ಉಸರ ಹಿಡೀತೈತಿ."

"ಈಗ ಹೊಸಾ ಮಷೀನು ಬಂದಾವ. ಮೊದಲಿನಂಗ ಘಾಟು ಇಲ್ಲ."

"ಹಂಗಾದ್ರ ಹುಡುಗ್ಯಾರನ್ನ ಅಲ್ಲೇ ಇಡ್ರಿ."

ಅಪ್ಪ ಬಿಚ್ಚಿದ ಚೀಟಿಗಳನ್ನು ಮತ್ತೆ ಡಬ್ಬಿಯೊಳಗೆ ಹಾಕಿದರು. ಆ ಕ್ಷಣದಲ್ಲಿ ಅವ್ವ ಗೆದ್ದಿದ್ದಳು ಎಂದೇ ನನಗೆ ಈಗಲೂ ಅನಿಸುತ್ತದೆ. ಇನ್ನೊಂದು ನಿಮಿಷ ನಾವು ಮಕ್ಕಳು ಸುಮ್ಮನಿದ್ದಿದ್ದರೆ ಅಪ್ಪ ಡಬ್ಬಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದರೇನೋ. ಆದರೆ ಅಣ್ಣನಿಗೆ ಮನೆಯಲ್ಲಿ ದನಿ ಏರಿದರೆ ಆಗುತ್ತಿರಲಿಲ್ಲ. ಜಗಳ ಮುಗಿಸಬೇಕೆಂದೇ ಅವನು ಬಾಯಿ ಹಾಕಿದ.

"ಸುಮ್ನಿರವ್ವಾ. ಕಾರ್ಡು ಪ್ರಿಂಟ್ ಆಗ್ಯಾವ. ಶುಕ್ರವಾರ ನಾನ ರಾಣೇಬೆನ್ನೂರಿಂದ ತಂದೇನಿ."

ಆಮಂತ್ರಣ ಪತ್ರಿಕೆಗಳು ಕಾರಿನ ಡಿಕ್ಕಿಯಲ್ಲಿದ್ದವು. ಅವ್ವ ಒಂದನ್ನು ತರಿಸಿ, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದಳು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು. ಕೆಳಗೆ 'ದಾನಿ ದಂಪತಿಗಳು' ಎಂದು ಅಪ್ಪನ ಹೆಸರಿನ ಪಕ್ಕದಲ್ಲಿ ಅವಳ ಹೆಸರು. ಅದನ್ನು ಮಡಿಸಿ ಡಬ್ಬಿಯೊಳಗೆ ಚೀಟಿಗಳ ಮೇಲಿಟ್ಟು ಮುಚ್ಚಳ ಹಾಕಿದಳು. ನಮ್ಮ ಮನೆಯಲ್ಲಿ ಆಮೇಲೆ ಯಾವುದಕ್ಕೂ ಚೀಟಿ ಬರೆಯಲಿಲ್ಲ.

ಸಂಜೆ ರೊಟ್ಟಿ ಬಡಿಯುವಾಗ ನನ್ನನ್ನು ಕೇಳಿದಳು.

"ನೀನು ಯಾಕ ಕೊಡೋಣ ಅಂತ ಬರದಿ?"

"ಗಂಗವ್ವಗ ಬಸ್ ತಪ್ಪತೈತಿ."

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ ಹೇಳಿದಳು: "ಆಕೀ ಸಲುವಾಗಿ ಬರೆದಿದ್ರ ಅಡ್ಡಿಲ್ಲ ಬಿಡು."

ಅವಳ ಸಲುವಾಗಿ ಬರೆದಿರಲಿಲ್ಲ. ಅದನ್ನು ಹೇಳಲೂ ಇಲ್ಲ.

ಕಾರ್ಯಕ್ರಮಕ್ಕೆ ಹದಿನೈದು ದಿನ ಮೊದಲು ಸಾಮಾನು ಕಾರ್ಖಾನೆಯ ಖೋಲಿಗಳಿಗೆ ಹೋದವು. ಎರಡನೆಯ ದಿನವೇ ಅವ್ವ ಗೋಡೆ ಹಿಡಿದು ಕೆಮ್ಮಲು ಶುರುಮಾಡಿದಳು. ಅಪ್ಪ ಹಾವೇರಿಯಿಂದ ಡಾಕ್ಟರನ್ನು ಕರೆಸಿದರು, ಕಿಟಕಿಗಳಿಗೆ ಗಾಜು ಹಾಕಿಸಿದರು, ಟೇಬಲ್ ಫ್ಯಾನು ತಂದರು. ಕೆಟ್ಟ ಗಂಡನೆಂದು ಅವರನ್ನು ಯಾರೂ ಅನ್ನುವಂತಿರಲಿಲ್ಲ. ಉದ್ಘಾಟನೆಯ ದಿನ ಅವ್ವ ಇಳಕಲ್ ಸೀರೆ ಉಟ್ಟು ಬಂದಳು. ಬರುವುದಿಲ್ಲ ಎನ್ನುತ್ತಾಳೆಂದು ನಾವು ಹೆದರಿದ್ದೆವು. ನಮ್ಮ ಅಂಗಳದಲ್ಲಿ ಶಾಮಿಯಾನ, ಹಾವೇರಿಯಿಂದ ಬಂದ ಅಧಿಕಾರಿಗಳು, ಸಮವಸ್ತ್ರದಲ್ಲಿ ಸಾಲಾಗಿ ಕೂತ ಇಪ್ಪತ್ತು ಹುಡುಗಿಯರು. ಅವರಲ್ಲಿ ಗಂಗವ್ವ. ನಿರೂಪಣೆ ಮಾಡುತ್ತಿದ್ದ ನಿವೃತ್ತ ಮಾಸ್ತರರು ಅಪ್ಪನನ್ನು ದಾನಶೂರನೆಂದು ಹೊಗಳಿ, ಕೊನೆಗೆ, "ಈಗ ನಮ್ಮ ತಾಯೇರು ಎರಡು ಮಾತು ಆಡಬೇಕು," ಎಂದರು. ಇದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಮರ್ಯಾದೆಗೆ ಕರೆದಿದ್ದರು, ಅವಳು ಕೈಮುಗಿದು ಕೂತೇ ಇರುತ್ತಾಳೆ ಎಂದುಕೊಂಡಿದ್ದರು. ಅವ್ವ ಎದ್ದು ಮೈಕಿನ ಮುಂದೆ ನಿಂತಳು.

"ಎಲ್ಲಾರಿಗೂ ಶರಣು. ಈ ಮನಿ ಕೊಡಾಕ ನಾ ಒಪ್ಪಿದ್ದಿಲ್ಲ. ಈಗೂ ಒಪ್ಪಿಲ್ಲ. ಹುಡುಗ್ಯಾರದು ಇದರಾಗ ತಪ್ಪಿಲ್ಲ, ಅವರು ಆರಾಮ ಇರಲಿ, ಓದಲಿ. ಆದ್ರ ಇದನ್ನ ನಾ ಕೊಟ್ಟೀನಿ ಅಂತ ಯಾರೂ ಅನಬ್ಯಾಡ್ರಿ, ಎಲ್ಲೂ ಬರೀಬ್ಯಾಡ್ರಿ."

ಹೇಳಿ ಬಂದು ಕುಳಿತಳು. ಕೆಮ್ಮು ಬರಲಿಲ್ಲ. ಮಾಸ್ತರರು ಮೈಕನ್ನು ಎರಡು ಸಲ ಬಡಿದು, "ಈಗ ವಂದನಾರ್ಪಣೆ," ಎಂದರು. ಜನ ಎದ್ದು ಊಟದ ಕಡೆ ನಡೆದರು. ಹೆಂಗಸರು ಅವ್ವನನ್ನು ಸುತ್ತುವರಿದು ಬೇರೆ ಮಾತು ಆಡತೊಡಗಿದರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರಿಗೆ ಆಪರೇಷನ್ ಆಯಿತು. ನಾನು ವೇದಿಕೆಯ ಪಕ್ಕದಲ್ಲಿ ಹಾರಗಳ ಬುಟ್ಟಿ ಹಿಡಿದು ನಿಂತಿದ್ದೆ. ಎರಡು ಮಾರು ಆಚೆ ಅಪ್ಪ ಯಾರೋ ಅಧಿಕಾರಿಯ ಜೊತೆ ಮಾತನಾಡುತ್ತಿದ್ದರು. ಹಾವೇರಿಯ ವರದಿಗಾರನೊಬ್ಬ, ಕೈಯಲ್ಲಿ ಸಣ್ಣ ವಹಿ, ನನ್ನ ಹತ್ತಿರ ಬಂದ.

"ಪಾಪಾ, ನಿಮ್ಮ ತಾಯೇರು ಏನಂದ್ರವ್ವಾ? ಮೈಕಿನ್ಯಾಗ ಸರಿ ಕೇಳಸ್ಲಿಲ್ಲ."

ಮೈಕು ಸರಿಯಾಗಿತ್ತು. ಅವನು ಕೇಳಿಸಿಕೊಂಡಿದ್ದ, ಅಚ್ಚು ಹಾಕಬಹುದಾದ ಇನ್ನೊಂದು ಮಾತು ಅವನಿಗೆ ಬೇಕಿತ್ತು. ಹಾಗೆ ಕೇಳಿಕೊಂಡು ಬರುವ ಹುಡುಗರನ್ನು ನಾನು ಸುದ್ದಿಮನೆಯಲ್ಲಿ ಎಷ್ಟೋ ಸಲ ಹಿಡಿದು ನಿಲ್ಲಿಸಿದ್ದೇನೆ, ಆಡದ ಮಾತಿಗೆ ಉದ್ಧರಣ ಚಿಹ್ನೆ ಹಾಕಿದವರಿಂದ ವರದಿ ಮತ್ತೆ ಬರೆಸಿದ್ದೇನೆ. ಅದೆಲ್ಲ ಆಮೇಲೆ. ಆ ದಿನ ನಾನು ಅಪ್ಪನ ಕಡೆ ನೋಡಿದೆ. ಅವರು ಮಾತು ನಿಲ್ಲಿಸಿದ್ದರು.

"ಭಾಳ ಖುಷಿ ಆಗೇತಿ ಅಂದ್ಲು," ಎಂದೆ. ಸಾಲದು ಅನಿಸಿ ಇನ್ನೂ ಸೇರಿಸಿದೆ: "ಈ ಹುಡುಗ್ಯಾರೆಲ್ಲಾ ನನ್ನ ಮಕ್ಕಳ ಅಂದ್ಲು."

ಅವನು ಬರೆದುಕೊಂಡ. ಅಪ್ಪ ಮತ್ತೆ ಅಧಿಕಾರಿಯ ಕಡೆ ತಿರುಗಿದರು.

ಮರುದಿನ ಬೆಳಗ್ಗೆ ಕಾರ್ಖಾನೆಯ ಖೋಲಿಯಲ್ಲಿ ಅವ್ವ ಪೇಪರ್ ಓದಿದಳು. ಗಟ್ಟಿಯಾಗಿ, ಅಕ್ಷರಕ್ಕೆ ಅಕ್ಷರ. ತಮ್ಮ ಮನೆ ಬಡ ಮಕ್ಕಳಿಗೆ ಆಸರೆಯಾಗುತ್ತಿರುವುದು ಅತೀವ ಸಂತಸ ತಂದಿದೆ, ಈ ಹೆಣ್ಣುಮಕ್ಕಳೆಲ್ಲ ತಮ್ಮ ಮಕ್ಕಳೇ ಎಂದು ದಾನಿಯ ಪತ್ನಿ ಭಾವುಕರಾಗಿ ನುಡಿದರು. ಪೇಪರ್ ಕೆಳಗಿಟ್ಟಳು.

"ಇದನ್ನ ಯಾರು ಹೇಳಿದ್ರು?"

ಅಪ್ಪ ಚಹಾದ ಬಸಿ ಹಿಡಿದಿದ್ದರು. ನನ್ನನ್ನು ಒಂದು ಸಲ ನೋಡಿದರು.

"ನಾನ ಹೇಳೇನಿ," ಎಂದರು.

"ಮನಿ ನಿಮ್ಮ ಹೆಸರಿಲೆ ಇತ್ತು, ಕೊಟ್ರಿ. ನನ್ನ ಬಾಯಿ ಯಾರ ಹೆಸರಿಲೆ ಐತ್ರಿ?"

ಅವ್ವ ಅಪ್ಪನ ಜೊತೆ ನೇರವಾಗಿ ಆಡಿದ ಕೊನೆಯ ಮಾತು ಅದು. ಊಟಕ್ಕೆ ಬಡಿಸುವಳು, ಬಟ್ಟೆ ತೆಗೆದಿಡುವಳು. ಏನಾದರೂ ಹೇಳಬೇಕಾದರೆ ನಮ್ಮ ಮೂಲಕ. "ನೀರು ಕಾದಾವ ಅಂತ ಹೇಳು ಅವ್ರಿಗೆ." ಅವರು ಅಲ್ಲಿಯೇ ನಿಂತಿರುತ್ತಿದ್ದರು. ಎರಡು ವರ್ಷಕ್ಕೆ ಕಟ್ಟಬೇಕಿದ್ದ ಮನೆ ಆಗಲೇ ಇಲ್ಲ. ವಸತಿನಿಲಯಕ್ಕೆ ಮೇಲಂತಸ್ತು ಬಂತು, ಅದಕ್ಕೆ ಅಪ್ಪ ಅವ್ವನ ಹೆಸರಿಡಲು ಹೋದಾಗ ಅವಳು ಅಣ್ಣನ ಕೈಯಲ್ಲಿ ಬೇಡವೆಂದು ಹೇಳಿ ಕಳಿಸಿದಳು. ಗಂಗವ್ವ ಅಲ್ಲಿಯೇ ಇದ್ದು ಓದಿ ಈಗ ನರ್ಸ್ ಆಗಿದ್ದಾಳೆ. ಅವ್ವನಿಗೆ ದಮ್ಮಿನ ಪಂಪು ಹೇಗೆ ಎಳೆಯಬೇಕೆಂದು ಸರಿಯಾಗಿ ಕಲಿಸಿದವಳು ಅವಳೇ. ಆ ಸುಳ್ಳನ್ನು ತಮ್ಮ ಮೇಲೆ ಯಾಕೆ ಹಾಕಿಕೊಂಡಿರಿ ಎಂದು ನಾನು ಅಪ್ಪನನ್ನು ಕೇಳಲಿಲ್ಲ. ಅವರೂ ಅದರ ಮಾತು ಎತ್ತಲಿಲ್ಲ. ಅವರು ನನಗೆಂದೇ ಕೊಟ್ಟದ್ದು ಅದೊಂದು, ನಾನು ತೆಗೆದುಕೊಂಡೆ. ಅದರ ಬೆಲೆಯನ್ನು ಊಟದ ಎದುರು ಕೂತು ಅವರು ಅಷ್ಟು ವರ್ಷ ತೆತ್ತದ್ದನ್ನು ನೋಡುತ್ತಲೇ ಬೆಳೆದೆ.

ಅಪ್ಪ ತೀರಿಕೊಂಡಾಗ ಮಾರುಕಟ್ಟೆ ಒಂದು ದಿನ ಬಂದ್ ಆಯಿತು. ಹಾವೇರಿ, ರಾಣೇಬೆನ್ನೂರುಗಳಿಂದ ಜನ ಬಂದರು. ಅವ್ವ ಅಳಲಿಲ್ಲ. ಮೂರನೆಯ ದಿನ, ಬಂದವರೆಲ್ಲ ಕಡಿಮೆಯಾದ ಮೇಲೆ, ಕದರಮಂಡಲಗಿಯಿಂದ ಬಂದಿದ್ದ ಅವಳ ಅಕ್ಕ ಮೆಲ್ಲಗೆ ಕೇಳಿದಳು.

"ಇಷ್ಟು ವರ್ಷ ಒಂದ ಮನಿಗೆ ಸಿಟ್ಟು ಹಿಡದ್ಯಲ್ಲ, ತಂಗೀ. ಇನ್ನರ ಬಿಡು."

"ಮನಿ ಅವತ್ತ ಬಿಟ್ಟೇನಕ್ಕಾ," ಎಂದಳು ಅವ್ವ. "ಎಲ್ಲಾರ ಮುಂದ ನಿಂತು ಒಂದ ಸಲ ಖರೇ ಮಾತಾಡಿದ್ದೆ. ಅದನ್ನ ಅಳಸಿ ತಮ್ಮದನ್ನ ಬರಸಿದ್ರು. ಅದನ್ನ ಮಾತ್ರ ಮರೀಲಿಲ್ಲ."

ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ. ಅವಳ ಕೈ ನನ್ನ ಮೊಣಕಾಲಿನ ಮೇಲಿತ್ತು. ದೊಡ್ಡವ್ವ ನನ್ನ ಕಡೆ ನೋಡಿ, "ನಿಮ್ಮಪ್ಪ ಹಂಗ ಮಾಡಬಾರದಿತ್ತು ಬಿಡು," ಎಂದಳು. ನಾನು ಹೂಂ ಎಂದೆ.